ಶಾಸನವಾಕ್ಯಕ್ಕೆ ವಿರಾಮ: ಬಿ. ಎಲ್. ರೈಸ್ ಅವರ ಜೀವನ ಮತ್ತು ಶಿಕಾರಿಪುರ-ಸೊರಬ ಶಾಸನಗಳ ಇಂಗ್ಲಿಷ್ ಅನುವಾದ

ಕನ್ನಡ ಶಾಸನಾಧ್ಯಯನದ ಚರಿತ್ರೆಯಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಅವರ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ. ಶಾಸನಗಳ ಶೋಧಕರಾಗಿ, ಪ್ರಾಚೀನ ಕಾವ್ಯ ಹಾಗೂ ಲಕ್ಷಣಗ್ರಂಥಗಳ ಸಂಪಾದಕರಾಗಿ, ಗೆಝೆಟಿಯರ್‌ನ ಕರ್ತೃವಾಗಿ ಅವರು ಮಾಡಿದ ಕೆಲಸವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಸುಮಾರು 9000 ಶಾಸನಗಳನ್ನು ಬೆಳಕಿಗೆ ತಂದ ಈ ವಿದ್ವಾಂಸರು ಬದುಕಿನ ಬಹುಭಾಗವನ್ನು ಅನುವಾದಕರಾಗಿಯೇ ಕಳೆದರೆಂಬ ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಹಳಗನ್ನಡದ ಮತ್ತು ಸಂಸ್ಕೃತದ ದೀರ್ಘ ವಾಕ್ಯಗಳನ್ನು ವಿಕ್ಟೋರಿಯಾ ಯುಗದ ಇಂಗ್ಲಿಷಿಗೆ ತರುವಾಗ ಎಲ್ಲಿ ಅಲ್ಪವಿರಾಮ, ಎಲ್ಲಿ ಅರ್ಧವಿರಾಮ, ಎಲ್ಲಿ ಪೂರ್ಣವಿರಾಮ ಎಂಬುದನ್ನು ಅವರು ಸಾವಿರಾರು ಸಲ ನಿರ್ಧರಿಸಬೇಕಾಯಿತು. ಈ ನಿರ್ಧಾರಗಳು ಮೇಲುನೋಟಕ್ಕೆ ಅಚ್ಚಿನ ಮನೆಯ ಕೆಲಸವೆಂದು ತೋರುತ್ತವೆ. ವಸ್ತುತಃ ಯಾರು ಯಾರ ಅಧೀನ, ಯಾವ ಬಿರುದು ಯಾರದು, ದತ್ತಿ ಬಿಟ್ಟವರು ಯಾರು ಎಂಬ ಚಾರಿತ್ರಿಕ ತೀರ್ಮಾನಗಳು ಆ ಸಣ್ಣ ಚಿಹ್ನೆಗಳಲ್ಲಿಯೇ ಅಡಗಿವೆ. ಇದನ್ನು ಪರಿಶೀಲಿಸಲು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳಷ್ಟು ಸಮೃದ್ಧವಾದ ಸಾಮಗ್ರಿ ಮತ್ತೊಂದೆಡೆ ಸಿಗುವುದು ಕಷ್ಟ.

ರೈಸ್ ಅವರು 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಯಾಗಿ ಅದೇ ವರ್ಷ ಬೆಂಗಳೂರಿಗೆ ಬಂದು, 1887ರಲ್ಲಿ ತೀರಿಕೊಳ್ಳುವವರೆಗೆ ಐವತ್ತು ವರ್ಷ ಅಲ್ಲಿಯೇ ಉಳಿದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು. ಮಗನದೆಂದು ಅನೇಕರು ತಪ್ಪಾಗಿ ತಿಳಿಯುವುದುಂಟು. ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ತಂದೆಯ ಪಾಲಿತ್ತು. ಕಿರಿಯ ಸಹೋದರ ಎಡ್ವರ್ಡ್ ಪೀಟರ್ ರೈಸ್ ಮುಂದೆ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದು 1915ರಲ್ಲಿ ಪ್ರಕಟಿಸಿದರು. ಹೀಗೆ ಕನ್ನಡವನ್ನು ಇಂಗ್ಲಿಷಿಗೂ ಇಂಗ್ಲಿಷನ್ನು ಕನ್ನಡಕ್ಕೂ ತರುವುದು ನಿತ್ಯದ ಕೆಲಸವಾಗಿದ್ದ ಮನೆಯೊಂದರಲ್ಲಿ ರೈಸ್ ಅವರ ಬಾಲ್ಯ ಕಳೆಯಿತು. ಇಂಗ್ಲಿಷ್ ಬೈಬಲ್ಲಿನ ಗದ್ಯ ವಿರಾಮಚಿಹ್ನೆಗಳ ಮೇಲೆ ನಿಂತ ಗದ್ಯ. ಒಂದು ವಚನದೊಳಗೆ ಎರಡು ಮೂರು ಪೂರ್ಣಕ್ರಿಯೆಗಳನ್ನು ಅರ್ಧವಿರಾಮದಿಂದಲೋ ವಿವರಣವಿರಾಮದಿಂದಲೋ ಕೂಡಿಸಿ ಒಂದೇ ಉಸಿರಿಗೆ ತರುವುದು ಅದರ ಲಕ್ಷಣ. ರೈಸ್ ಅವರ ಅನುವಾದಗಳ ಲಯವನ್ನು ಬಲ್ಲವರು ಅದರ ಒಂದು ಮೂಲವನ್ನು ಇಲ್ಲಿ ಊಹಿಸಬಹುದು.

ಇಂಗ್ಲೆಂಡಿನಲ್ಲಿ ಶಿಕ್ಷಣ ಮುಗಿಸಿ ಮರಳಿದ ರೈಸ್ ಅವರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಮೈಸೂರು ಮತ್ತು ಕೊಡಗುಗಳ ಶಾಲಾ ತನಿಖಾಧಿಕಾರಿಯಾದ ಮೇಲೆ ಅವರ ಪ್ರವಾಸ ಆರಂಭವಾಯಿತು. ಹಳ್ಳಿಹಳ್ಳಿಗೆ ಪ್ರಾಥಮಿಕ ಶಿಕ್ಷಣವನ್ನು ಮುಟ್ಟಿಸಲು 1868ರಲ್ಲಿ ರೂಪುಗೊಂಡ ಹೋಬಳಿ ಶಾಲೆಗಳ ಯೋಜನೆ ಅವರದು. ಶಾಲೆಗಳನ್ನು ನೋಡಲು ಹೋದ ಅಧಿಕಾರಿಗೆ ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ನಿಂತಿದ್ದ ಬರಹದ ಕಲ್ಲುಗಳು ಕಂಡವು. ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿ ಅವರು ಮಾಡಿದ ಆಡಳಿತದ ಕೆಲಸ, 1882ರ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿತ್ವ ಮೊದಲಾದವು ಪ್ರತ್ಯೇಕ ಅಧ್ಯಯನಕ್ಕೆ ವಸ್ತುವಾಗಬಲ್ಲವು.

ಶಾಸನಗಳ ಕಡೆಗೆ ಅವರನ್ನು ತಿರುಗಿಸಿದ್ದು ಛಾಯಾಚಿತ್ರಗಳು. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರ ಸುಮಾರಿಗೆ ಮೈಸೂರು ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳಲ್ಲಿ ಬಳ್ಳಿಗಾವಿಯವು ಗಣನೀಯವಾಗಿದ್ದವು. ಇವನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರಿಗೆ ಬಂದಿತು. ಆ ಕೆಲಸದ ಫಲ 1879ರಲ್ಲಿ ಪ್ರಕಟವಾದ ಮೈಸೂರು ಇನ್‌ಸ್ಕ್ರಿಪ್ಷನ್ಸ್. ಇದು ಪ್ರಧಾನವಾಗಿ ಇಂಗ್ಲಿಷ್ ಅನುವಾದಗಳ ಸಂಕಲನ. ಅಂದರೆ ಶಿಕಾರಿಪುರ ತಾಲ್ಲೂಕಿನ ಶಾಸನಗಳು ವಿದ್ವತ್ಪ್ರಪಂಚದ ಮುಂದೆ ಮೊದಲು ದೊಡ್ಡ ಪ್ರಮಾಣದಲ್ಲಿ ಬಂದದ್ದು ಕಲ್ಲಿನ ಮೇಲಿನ ವಾಕ್ಯಗಳಾಗಿ ಅಲ್ಲ, ವಿರಾಮಚಿಹ್ನೆ ಹಚ್ಚಿದ ಇಂಗ್ಲಿಷ್ ವಾಕ್ಯಗಳಾಗಿ ಎಂಬುದು ಗಮನಾರ್ಹ.

ಇಲ್ಲಿ ಎರಡು ಭಾಷೆಗಳ ವಾಕ್ಯಸ್ವಭಾವವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಳಗನ್ನಡದ ಶಾಸನಗದ್ಯದಲ್ಲಿ ಉಪವಾಕ್ಯಗಳನ್ನು ಕೂಡಿಸುವ ಕೆಲಸವನ್ನು ಪದಾಂತ್ಯದ ಪ್ರತ್ಯಯಗಳು ಮಾಡುತ್ತವೆ. ಒಬ್ಬನೇ ಕರ್ತೃ ಸಾಲಾಗಿ ಹಲವು ಕೆಲಸ ಮಾಡಿದರೆ ಭೂತನ್ಯೂನಗಳ ಸರಣಿ ಬರುತ್ತದೆ. ಕರ್ತೃ ಬದಲಾದರೆ ಎಕಾರಾಂತವಾದ ಸತಿಸಪ್ತಮಿ ಬರುತ್ತದೆ. ಸಮಾನ ಪದಗಳನ್ನು ಸೇರಿಸಲು ಉಂ ಎಂಬ ಸಮುಚ್ಚಯ ಪ್ರತ್ಯಯವಿದೆ. ಎಷ್ಟೇ ಉದ್ದದ ವಾಕ್ಯವಾದರೂ ಪೂರ್ಣಕ್ರಿಯಾಪದ ಸಾಮಾನ್ಯವಾಗಿ ಒಂದೇ, ಅದೂ ಕೊನೆಯಲ್ಲಿ. ಹೀಗಾಗಿ ಕಲ್ಲುಕುಟಿಗನಿಗೆ ಪದ್ಯದ ಕೊನೆಯ ದಂಡವನ್ನೋ ಒಂದು ಹೂವಿನ ಗುರುತನ್ನೋ ಬಿಟ್ಟರೆ ಬೇರೆ ಚಿಹ್ನೆಯ ಅಗತ್ಯ ಬೀಳಲಿಲ್ಲ. ವಿರಾಮ ವ್ಯಾಕರಣದೊಳಗೇ ಇತ್ತು.

ಇಂಗ್ಲಿಷಿನ ರೀತಿ ಬೇರೆ. ಅಲ್ಲಿ ಪ್ರತಿಯೊಂದು ಸ್ವತಂತ್ರ ಉಪವಾಕ್ಯಕ್ಕೂ ತನ್ನದೇ ಕರ್ತೃ, ತನ್ನದೇ ಪೂರ್ಣಕ್ರಿಯಾಪದ. ಅಂಥ ಎರಡು ಉಪವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಅಂಟಿಸುವುದು ದೋಷವೆಂದು ಇಂಗ್ಲಿಷ್ ರಚನಾಪಾಠಗಳು ಹೇಳುತ್ತವೆ. ಅಲ್ಪವಿರಾಮದೊಂದಿಗೆ ಮತ್ತು, ಆದರೆ ಎಂಬರ್ಥದ ಸಂಯೋಜಕ ಅವ್ಯಯ ಬರಬೇಕು. ಅವ್ಯಯವಿಲ್ಲದೆ ಕೂಡಿಸಬೇಕಾದರೆ ಅರ್ಧವಿರಾಮ ಬೇಕು. ಪಟ್ಟಿಯೊಂದರ ಅಂಶಗಳ ಒಳಗೇ ಅಲ್ಪವಿರಾಮಗಳಿದ್ದಾಗ ಆ ಅಂಶಗಳನ್ನು ಬೇರ್ಪಡಿಸುವುದಕ್ಕೂ ಅರ್ಧವಿರಾಮವೇ ಬೇಕು. 15ನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಆಲ್ಡಸ್ ಮನೂಟಿಯಸ್‌ನ ಮುದ್ರಣಾಲಯದಲ್ಲಿ ಹುಟ್ಟಿದ ಈ ಚಿಹ್ನೆ 18 ಮತ್ತು 19ನೆಯ ಶತಮಾನಗಳ ಇಂಗ್ಲಿಷ್ ಗದ್ಯದಲ್ಲಿ ತನ್ನ ಪ್ರಭಾವದ ತುದಿಯನ್ನು ಮುಟ್ಟಿತ್ತು. ಗಿಬ್ಬನ್, ಮೆಕಾಲೆ ಮೊದಲಾದ ಚರಿತ್ರೆಕಾರರ ವಾಕ್ಯಗಳನ್ನು ಓದಿ ಬೆಳೆದ ತಲೆಮಾರು ರೈಸ್ ಅವರದು. ವಾಕ್ಯದ ಉದ್ದಕ್ಕೆ ಅವರು ಹೆದರಬೇಕಾದುದಿರಲಿಲ್ಲ. ಕನ್ನಡದ ನ್ಯೂನಕ್ರಿಯೆ ಹೇಳದೆಯೇ ಬಿಡುವ ಸಂಬಂಧವನ್ನು ಇಂಗ್ಲಿಷ್ ಚಿಹ್ನೆ ಹೇಳಲೇಬೇಕಾಗುತ್ತದೆಂಬುದೇ ಅವರ ನಿಜವಾದ ಕಷ್ಟ.

1885ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಸ್ಥಾಪಿತವಾಗಿ ರೈಸ್ ಅವರು ಅದರ ನಿರ್ದೇಶಕರಾದರು. ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವಾದ ಕೊಡಗಿನ ಶಾಸನಗಳು 1886ರಲ್ಲಿಯೂ ಎರಡನೆಯದಾದ ಶ್ರವಣಬೆಳಗೊಳದ ಶಾಸನಗಳು 1889ರಲ್ಲಿಯೂ ಪ್ರಕಟವಾದವು. ಇದರ ಜೊತೆಯಲ್ಲಿಯೇ ಬಿಬ್ಲಿಯೋಥಿಕ ಕರ್ನಾಟಿಕ ಮಾಲೆಯ ಕೆಲಸ ನಡೆದಿತ್ತು. 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ, 1890ರಲ್ಲಿ ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ, 1898ರಲ್ಲಿ ಪಂಪಭಾರತ ಹೊರಬಂದವು. ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ ಬೆಳಕು ಕಂಡದ್ದೂ 1898ರಲ್ಲಿ, ಇದೇ ಮಾಲೆಯಲ್ಲಿ. ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳುವ ಎರಡು ಗ್ರಂಥಗಳನ್ನು ಸಂಪಾದಿಸಿದವರಿಗೆ ನ್ಯೂನಕ್ರಿಯೆಯ, ಸತಿಸಪ್ತಮಿಯ ವ್ಯವಹಾರ ತಿಳಿಯದೆಂದು ಹೇಳುವಂತಿಲ್ಲ. ಅವರ ಅನುವಾದದ ಆಯ್ಕೆಗಳನ್ನು ಪರಿಶೀಲಿಸುವಾಗ ಈ ಅಂಶವನ್ನು ನೆನಪಿಡಬೇಕು. 1892ರಲ್ಲಿ ಮೊಳಕಾಲ್ಮೂರು ಭಾಗದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಅವರು ಪತ್ತೆಹಚ್ಚಿದ್ದು ಸರ್ವವಿದಿತ.

ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೆ ಎರಡು ಸಂಪುಟಗಳೇ ಬೇಕಾದವು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಗಳನ್ನು ಒಳಗೊಂಡ 7ನೆಯ ಸಂಪುಟ 1902ರಲ್ಲಿ ಬಂದಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳನ್ನು ಒಳಗೊಂಡ 8ನೆಯ ಸಂಪುಟ 1904ರಲ್ಲಿ ಬಂದಿತು. ಪ್ರತಿ ಸಂಪುಟದಲ್ಲಿಯೂ ಪೀಠಿಕೆಯ ಜೊತೆಗೆ ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಎಂಬ ಮೂರು ಭಾಗಗಳಿವೆ. ಒಂದೇ ಶಾಸನ ಮೂರು ಬಗೆಯ ವಿರಾಮವ್ಯವಸ್ಥೆಗೆ ಒಳಗಾಗಿರುವುದನ್ನು ಇಲ್ಲಿ ಕಾಣಬಹುದು. ಕನ್ನಡ ಲಿಪಿಯ ಪಾಠದಲ್ಲಿ ದಂಡಗಳೇ ಮುಖ್ಯ. ರೋಮನ್ ಪಾಠದಲ್ಲಿ ಸಮಾಸಪದಗಳನ್ನು ಅಡ್ಡಗೆರೆಯಿಂದ ಬಿಡಿಸಿ ತೋರಿಸಲಾಗಿದೆ. ಇಂಗ್ಲಿಷ್ ಭಾಗದಲ್ಲಿ ವಿರಾಮಚಿಹ್ನೆಗಳ ಪೂರ್ಣ ಪರಿವಾರವೇ ಇದೆ. 1879ರ ಸಂಕಲನಕ್ಕೂ ಈ ಸಂಪುಟಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಅನುವಾದಕನ ನಿರ್ಧಾರವನ್ನು ಮೂಲದೊಂದಿಗೆ ಹೋಲಿಸಿ ಪ್ರಶ್ನಿಸುವ ಅವಕಾಶವನ್ನು ರೈಸ್ ಅವರೇ ಓದುಗರ ಕೈಗೆ ಕೊಟ್ಟರು.

ಶಿಕಾರಿಪುರ ತಾಲ್ಲೂಕಿನ ಶಾಸನಗಳಲ್ಲಿ ಚಾಲುಕ್ಯ ಹಾಗೂ ಕಳಚುರಿ ಕಾಲದ ದಾನಶಾಸನಗಳು ಗಾತ್ರದಲ್ಲಿಯೂ ಸಾಹಿತ್ಯಗುಣದಲ್ಲಿಯೂ ಮುಖ್ಯವಾದವು. ಅವುಗಳ ಮಾದರಿ ಪರಿಚಿತವೇ. ಶಂಭುಸ್ತುತಿ, ಸಾರ್ವಭೌಮನ ಬಿರುದಾವಳಿ, ಅವನ ರಾಜ್ಯ ಅಭಿವೃದ್ಧಿ ಹೊಂದುತ್ತ ಸಲ್ಲುತ್ತಿರಲು ಎಂಬರ್ಥದ ಸತಿಸಪ್ತಮಿ, ಬಳಿಕ ತತ್ಪಾದಪದ್ಮೋಪಜೀವಿಯೆಂಬ ಕೀಲುಪದ, ಅಧೀನ ಅಧಿಕಾರಿಯ ಬಿರುದುಗಳು, ಮತ್ತೊಮ್ಮೆ ಸತಿಸಪ್ತಮಿ, ಅನಂತರ ತಿಥಿವಾರಗಳು, ದತ್ತಿಯ ವಿವರ, ಶಾಪಾಶಯ. ಸಾರ್ವಭೌಮನಿಂದ ದತ್ತಿ ಪಡೆದ ಆಚಾರ್ಯನವರೆಗೆ ವ್ಯಾಕರಣದ ದೃಷ್ಟಿಯಿಂದ ಇದು ಬಹುಮಟ್ಟಿಗೆ ಒಂದೇ ವಾಕ್ಯ. ಅದರ ರಚನೆಯೇ ರಾಜಕೀಯ ವ್ಯವಸ್ಥೆಯ ಚಿತ್ರ. ಮೇಲಿನವನ ಆಳ್ವಿಕೆ ಕೆಳಗಿನವನ ಕ್ರಿಯೆಗೆ ಸನ್ನಿವೇಶವಾಗಿ ನಿಲ್ಲುತ್ತದೆ. ಪೂರ್ಣಕ್ರಿಯಾಪದ ಮಾತ್ರ ದತ್ತಿ ಬಿಟ್ಟವನಿಗೆ ಸಲ್ಲುತ್ತದೆ.

ರೈಸ್ ಅವರು ಇದಕ್ಕೆ ಒಂದು ನಿಶ್ಚಿತ ಕ್ರಮವನ್ನು ರೂಪಿಸಿಕೊಂಡರು. ಬಿರುದುಗಳನ್ನು ಅಲ್ಪವಿರಾಮಗಳಿಂದ ಸಾಲಾಗಿ ಜೋಡಿಸುವುದು, ಸತಿಸಪ್ತಮಿಯನ್ನು ಯಾವಾಗ ಎಂಬರ್ಥದ ಕಾಲವಾಚಕ ಉಪವಾಕ್ಯವಾಗಿ ಆರಂಭಿಸುವುದು, ಸಾರ್ವಭೌಮನ ಭಾಗ ಮುಗಿದೊಡನೆ ವಿವರಣವಿರಾಮದ ಮುಂದೆ ಒಂದು ಉದ್ದಗೆರೆಯನ್ನು ಎಳೆಯುವುದು, ಅಲ್ಲಿಂದ ಪಾದಪದ್ಮೋಪಜೀವಿಯ ಭಾಗವನ್ನು ಹೊಸದಾಗಿ ತೊಡಗುವುದು. ಅಲ್ಪವಿರಾಮ ಹಾಕಿದ್ದರೆ ಸಾಮಂತನ ಬಿರುದುಗಳು ಸಾರ್ವಭೌಮನವೆಂದು ಓದುಗ ಭ್ರಮಿಸುವ ಅಪಾಯವಿತ್ತು. ಪೂರ್ಣವಿರಾಮ ಹಾಕಿದ್ದರೆ ಅಧೀನತೆಯ ಸಂಬಂಧವೇ ಕಡಿದುಹೋಗುತ್ತಿತ್ತು. ಅರ್ಧವಿರಾಮ ಹಾಕಿದ್ದರೆ ಇಬ್ಬರೂ ಸಮಾನ ಸ್ಕಂಧರೆಂಬ ಧ್ವನಿ ಬರುತ್ತಿತ್ತು, ಏಕೆಂದರೆ ಇಂಗ್ಲಿಷಿನಲ್ಲಿ ಆ ಚಿಹ್ನೆ ಸಮಾನ ಬಲದ ಉಪವಾಕ್ಯಗಳನ್ನು ತೂಗುವ ತಕ್ಕಡಿಯ ಮುಳ್ಳಿನಂತೆ. ಇವು ಮೂರನ್ನೂ ಬಿಟ್ಟು ಉದ್ದಗೆರೆಯ ದಾರಿ ಹಿಡಿದದ್ದರಿಂದ ಇಂಗ್ಲಿಷ್ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಅನೇಕ ಕಡೆ ಅರೆಯಾಗಿ ತೂಗುತ್ತದೆ. ಆದರೆ ಶಾಸನದ ಶ್ರೇಣಿ ಉಳಿಯುತ್ತದೆ. ಶೈಲಿಯ ಸೊಗಸನ್ನು ಬಿಟ್ಟುಕೊಟ್ಟು ಸಂಬಂಧದ ನಿಖರತೆಯನ್ನು ಉಳಿಸಿಕೊಂಡ ಈ ಆಯ್ಕೆ ರೈಸ್ ಅವರ ಅನುವಾದಗಳಲ್ಲಿ ಅತ್ಯಂತ ವಿವೇಕದ್ದೆಂದು ಹೇಳಬಹುದು.

ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ಶಿಕಾರಿಪುರ 102, ಬೇರೊಂದು ಬಗೆಯ ಸಮಸ್ಯೆಯನ್ನು ಒಡ್ಡುತ್ತದೆ. ಕಳಚುರಿ ಬಿಜ್ಜಳನ ಕಾಲದ ಈ ಶಾಸನ ದಕ್ಷಿಣಕೇದಾರೇಶ್ವರದ ಆಚಾರ್ಯ ವಾಮಶಕ್ತಿಗೆ ಸಂಬಂಧಿಸಿದ್ದು. ಅದರ ಪ್ರಸಿದ್ಧ ಗದ್ಯಭಾಗ ಮಠವು ಯಾವ ಯಾವುದಕ್ಕೆ ನೆಲೆಯಾಗಿತ್ತೆಂಬುದನ್ನು ಪಟ್ಟಿಮಾಡುತ್ತದೆ. ಶೈವ ತಪಸ್ವಿಗಳ ಅನುಷ್ಠಾನ, ನಾಲ್ಕು ವೇದಗಳ ಸ್ವಾಧ್ಯಾಯ, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳ ವ್ಯಾಖ್ಯಾನ, ಷಡ್ದರ್ಶನಗಳು, ಲಾಕುಳಸಿದ್ಧಾಂತ, ಪಾತಂಜಲ ಯೋಗ, ಪುರಾಣ ಧರ್ಮಶಾಸ್ತ್ರ ಕಾವ್ಯ ನಾಟಕಗಳು ಇಲ್ಲಿ ಬರುತ್ತವೆ. ಅಲ್ಲಿಂದ ಮುಂದೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು, ಬೇರೆ ಬೇರೆ ಪಂಥಗಳ ಭಿಕ್ಷುಗಳು ಇವರಿಗೆಲ್ಲ ಅನ್ನದಾನ, ರೋಗಿಗಳಿಗೆ ಚಿಕಿತ್ಸೆ, ಸಕಲ ಜೀವಿಗಳಿಗೆ ಅಭಯ. ಪ್ರತಿಯೊಂದು ವಿಭಾಗವೂ ಸ್ಥಾನವೆಂಬ ಪದದಲ್ಲಿ ಮುಗಿದು ಉಂ ಪ್ರತ್ಯಯದಿಂದ ಮುಂದಿನದಕ್ಕೆ ಕೊಂಡಿ ಹಾಕುತ್ತದೆ. ವಿಭಾಗದ ಒಳಗಿನ ಹೆಸರುಗಳು ಸಮಾಸದಲ್ಲಿ ಹೆಣೆದುಕೊಂಡಿವೆ. ಅಂದರೆ ಕನ್ನಡದ ಲೇಖಕ ಒಳಪಟ್ಟಿಗೆ ಸಮಾಸವನ್ನೂ ಹೊರಪಟ್ಟಿಗೆ ಸಮುಚ್ಚಯ ಪ್ರತ್ಯಯವನ್ನೂ ಬಳಸಿ ಎರಡು ಅಂತಸ್ತಿನ ರಚನೆಯನ್ನು ಸ್ಪಷ್ಟವಾಗಿ ಇರಿಸಿದ್ದಾನೆ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಉಪಾಯ ಒಂದೇ: ಒಳಗೆ ಅಲ್ಪವಿರಾಮ, ಹೊರಗೆ ಅರ್ಧವಿರಾಮ. ಎಲ್ಲವನ್ನೂ ಅಲ್ಪವಿರಾಮಕ್ಕೆ ಇಳಿಸಿದರೆ ವ್ಯಾಕರಣಶಾಸ್ತ್ರದ ಪಕ್ಕದಲ್ಲಿ ಕುರುಡರೂ ಯೋಗಶಾಸ್ತ್ರದ ಪಕ್ಕದಲ್ಲಿ ಮದ್ದಳೆಯವರೂ ಒಂದೇ ಸಾಲಿಗೆ ಬಂದು ನಿಲ್ಲುತ್ತಾರೆ. ಕೋಡಿಯಮಠವನ್ನು ವಿದ್ಯಾಪೀಠವೆಂದು ಮಾತ್ರ ಕಾಣುವವರೂ ಅನ್ನಛತ್ರವೆಂದು ಮಾತ್ರ ಕಾಣುವವರೂ ಈ ವಾಕ್ಯದ ಒಂದು ಅಂತಸ್ತನ್ನು ಮಾತ್ರ ಹತ್ತಿದವರು. ಮೂಲದ ಪ್ರತ್ಯಯಗಳು ವಿದ್ಯೆಗೂ ಅನ್ನಕ್ಕೂ ಔಷಧಕ್ಕೂ ಸಮಾನ ಸ್ಥಾನವನ್ನು ಕೊಟ್ಟಿವೆ.

ಇದೇ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ, ಶಿಕಾರಿಪುರ 176, ರೈಸ್ ಅವರ ಶೋಧಗಳಲ್ಲಿ ಶಿಖರಪ್ರಾಯವಾದುದು. 1894ರಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಅವರು ಇದನ್ನು ಗುರುತಿಸಿದರು. ಅವರು ಒದಗಿಸಿದ ಪ್ರತಿಯ ಆಧಾರದಿಂದ ಜರ್ಮನ್ ವಿದ್ವಾಂಸ ಬ್ಯೂಲರ್ ಅದರ ಮಹತ್ವವನ್ನು ಯುರೋಪಿಗೆ ತಿಳಿಸಿದರು. ರೈಸ್ ಅವರ ಪಾಠಾನುವಾದಗಳು 7ನೆಯ ಸಂಪುಟದಲ್ಲಿ ಬಂದವು. ಬಳಿಕ ಕೀಲ್‌ಹಾರ್ನ್ ಎಪಿಗ್ರಾಫಿಯ ಇಂಡಿಕದ 8ನೆಯ ಸಂಪುಟದಲ್ಲಿ ಅದನ್ನು ಮತ್ತೆ ಸಂಪಾದಿಸಿದರು. ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಕಾವ್ಯ 34 ಪದ್ಯಗಳದು. ಕಂಬದ ಬುಡದಿಂದ ಮೇಲಕ್ಕೆ ಲಂಬವಾಗಿ ಅಕ್ಷರಗಳನ್ನು ಕಂಡರಿಸಲಾಗಿದೆ. ಮಯೂರಶರ್ಮ ಗುರುವಿನೊಡನೆ ಕಾಂಚಿಗೆ ಹೋದದ್ದು, ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ಎಲ್ಲವೂ ಪದ್ಯದಿಂದ ಪದ್ಯಕ್ಕೆ ಹರಿಯುತ್ತವೆ. ಪದ್ಯಾಂತದ ದಂಡ ವಾಕ್ಯಾಂತವೇ ಆಗಬೇಕೆಂಬ ನಿಯಮ ಸಂಸ್ಕೃತ ಕಾವ್ಯದಲ್ಲಿಲ್ಲ. ಗದ್ಯಾನುವಾದದಲ್ಲಿ ಪ್ರತಿ ಪದ್ಯವನ್ನೂ ಪೂರ್ಣವಿರಾಮದಿಂದ ಮುಚ್ಚಿದರೆ ಅಪಮಾನ ಮತ್ತು ಪ್ರತೀಕಾರಗಳ ನಡುವಣ ಕಾರಣಸಂಬಂಧ ಸಡಿಲಾಗುತ್ತದೆ. ಕದಂಬ ರಾಜ್ಯದ ಹುಟ್ಟನ್ನು ಕುರಿತ ಚರ್ಚೆಗಳಲ್ಲಿ ಮಯೂರಶರ್ಮನ ಸಿಟ್ಟು ವೈಯಕ್ತಿಕವೋ ವರ್ಣಾಭಿಮಾನದ್ದೋ ಎಂಬ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಈ ಪ್ರಶ್ನೆಗೆ ಉತ್ತರ ಹುಡುಕುವವರು ಅನುವಾದದ ವಿರಾಮಗಳನ್ನು ಬದಿಗಿರಿಸಿ ಪದ್ಯಗಳ ಅನ್ವಯವನ್ನೇ ನೋಡುವುದು ಒಳಿತು.

ತಾಳಗುಂದದ ಕಂಬಕ್ಕೆ ಸಂದ ಪ್ರಸಿದ್ಧಿ ಬಂದಳಿಕೆಯ ಜಕ್ಕಿಯಬ್ಬೆಯ ಶಾಸನಕ್ಕೆ ಸಂದಿಲ್ಲ. ಶಿಕಾರಿಪುರ 219 ಎಂಬ ಸಂಖ್ಯೆಯ ಇದು 10ನೆಯ ಶತಮಾನದ ಎರಡನೆಯ ದಶಕದ್ದು. ರಾಷ್ಟ್ರಕೂಟ ಕನ್ನರದೇವ ಆಳುತ್ತಿರಲು, ಕಲಿವಿಟ್ಟರಸ ಬನವಾಸಿ ಪನ್ನಿರ್ಚ್ಛಾಸಿರವನ್ನು ಆಳುತ್ತಿರಲು, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ನಾಗಾರ್ಜುನ ಮಡಿಯಲು, ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ದೊರೆತದ್ದನ್ನು ಶಾಸನ ಹೇಳುತ್ತದೆ. ಅವಳು ಸಮರ್ಥವಾಗಿ ನಾಡನ್ನಾಳಿ, ದೇಹಕ್ಕೆ ವ್ಯಾಧಿ ಬರಲು ಭೋಗವನ್ನು ಹೇಯವೆಂದು ಬಗೆದು, ಮಗಳನ್ನು ಕರೆಸಿ ಸಂತತಿಯ ಹೊಣೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು, ಬಸದಿಯಲ್ಲಿ ವ್ರತ ಹಿಡಿದು ಮುಡಿಪಿದಳು. ಇಲ್ಲಿ ಸತಿಸಪ್ತಮಿಗಳು ಗಂಡಸರ ಆಳ್ವಿಕೆಗಳಿಗೂ ಸಾವಿಗೂ ಸಂದಿವೆ. ಅವಳ ಕೆಲಸಗಳೆಲ್ಲ ಒಂದೇ ಕರ್ತೃವಿನ ಸರಣಿಯಾಗಿ ಸಾಗಿ ಕೊನೆಯ ನಿರ್ಧಾರವನ್ನು ಮುಟ್ಟುತ್ತವೆ. ಆಳಿಕೆಯಿಂದ ಸಲ್ಲೇಖನದವರೆಗೆ ಅವಳದು ಒಂದೇ ನಡೆ. ಇಂಗ್ಲಿಷ್ ಅನುವಾದದ ರೀತಿ ಈ ನಡೆಯನ್ನು ಬಿಡಿ ಘಟನೆಗಳನ್ನಾಗಿ ಕತ್ತರಿಸುತ್ತದೆ. ಆಮೇಲಿನ ಚರಿತ್ರೆಗ್ರಂಥಗಳಲ್ಲಿ ಜಕ್ಕಿಯಬ್ಬೆ ಒಂದು ಅಧ್ಯಾಯದಲ್ಲಿ ಆಡಳಿತಗಾರ್ತಿಯಾಗಿಯೂ ಇನ್ನೊಂದು ಅಧ್ಯಾಯದಲ್ಲಿ ಜೈನ ಶ್ರಾವಕಿಯಾಗಿಯೂ ಬೇರೆ ಬೇರೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬೇಕು. ರೈಸ್ ಅವರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಇಂಗ್ಲಿಷಿನಲ್ಲಿ ಬೇರೆ ದಾರಿ ಇರಲಿಲ್ಲ. ಕನ್ನಡ ಪಾಠವನ್ನು ಎದುರಿಗಿಟ್ಟುಕೊಂಡೂ ಇಂಗ್ಲಿಷನ್ನೇ ಓದಿದವರ ಹೊಣೆ ಹೆಚ್ಚಿನದು.

ಸೊರಬದ ಸಂಪುಟಕ್ಕೆ ಬಂದರೆ ವಾತಾವರಣವೇ ಬೇರೆ. ಕುಪ್ಪಟೂರಿನ ಕದಂಬ ಶಾಸನಗಳಂಥ ಪ್ರೌಢ ರಚನೆಗಳು ಅಲ್ಲಿಯೂ ಇವೆ. ಆದರೆ ತಾಲ್ಲೂಕಿನ ವೈಶಿಷ್ಟ್ಯ ವೀರಗಲ್ಲುಗಳು ಮತ್ತು ಹಿರೇಆವಲಿ, ಉದ್ರಿಗಳಂಥ ಊರುಗಳ ನಿಷಿಧಿಗಲ್ಲುಗಳು. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಮೊದಲಾದ ಸಂದರ್ಭಗಳಲ್ಲಿ ಕಾದಿ ಸತ್ತ ಸಾಮಾನ್ಯರ ಬರಹಗಳಿವು. ಇಂಥ ಕಲ್ಲಿನ ವಾಕ್ಯ ಚಿಕ್ಕದು: ದನಗಳನ್ನು ಕೊಂಡೊಯ್ಯಲು, ತಾಗಿ, ಇರಿದು, ತುರುವನ್ನು ಮರಳಿಸಿ, ಸುರಲೋಕಕ್ಕೆ ಸಂದನು ಎಂಬ ಬಗೆಯದು. ಕ್ರಿಯಾನ್ಯೂನಗಳು ಒಂದರ ಬೆನ್ನಿಗೊಂದು ಓಡುತ್ತವೆ. ಈ ಓಟವನ್ನು ಅರ್ಧವಿರಾಮಗಳು ತಡೆಯುತ್ತವೆ. ಇಲ್ಲಿಗೆ ಅಲ್ಪವಿರಾಮವೂ ಮತ್ತು ಎಂಬರ್ಥದ ಅವ್ಯಯವೂ ಸಾಕು. ರೈಸ್ ಅವರು ಸಾಮಾನ್ಯವಾಗಿ ಹೀಗೆಯೇ ಮಾಡಿದ್ದಾರೆ. ಅವರ ವೀರಗಲ್ಲುಗಳ ಅನುವಾದ ಅರಮನೆಯ ಶಾಸನಗಳ ಅನುವಾದಕ್ಕಿಂತ ಹಗುರವಾಗಿ, ಮೂಲಕ್ಕೆ ಹತ್ತಿರವಾಗಿ ನಡೆಯುತ್ತದೆ. ಸೊರಬದ ರೈತನ ಸಾವನ್ನು ಹೇಳಲು ಗಿಬ್ಬನ್ನನ ಗದ್ಯ ಬೇಕಾಗಿರಲಿಲ್ಲ.

ದೋಷಗಳನ್ನೂ ಹೇಳಬೇಕು. ಮುಖ್ಯವಾದುದು ಆವರಣಚಿಹ್ನೆಗಳದು. ಸಾವಿರಾರು ಶಾಸನಗಳ ಹೊರೆ ಹೊತ್ತ ಅನುವಾದಕರು, ಎಂದಿನ ಬಿರುದುಗಳೊಡನೆ, ಹೇಳಿದ ತಿಥಿಯಂದು, ವಾಡಿಕೆಯ ಶಾಪವಾಕ್ಯಗಳು ಎಂಬ ಅರ್ಥದ ಸಂಕ್ಷೇಪಗಳನ್ನು ಆವರಣದೊಳಗೆ ಇಟ್ಟು ಮೂಲದ ಹಲವು ಸಾಲುಗಳನ್ನು ಬಿಟ್ಟುಬಿಟ್ಟರು. ವಾಡಿಕೆಯದೆಂದು ಬಿಟ್ಟ ಬಿರುದಾವಳಿಯಲ್ಲಿ ಒಂದೆರಡು ಪದ ಹೊಸದಾಗಿದ್ದರೆ ಇಂಗ್ಲಿಷ್ ಓದುಗನಿಗೆ ಅದು ಸಿಗಲಾರದು. ಜೆ. ಎಫ್. ಫ್ಲೀಟ್ ಇದಕ್ಕೆ ವಿರುದ್ಧವಾಗಿ ಮೂಲದಲ್ಲಿಲ್ಲದೆ ತಾವು ಸೇರಿಸಿದ ಪದಗಳಿಗೆ ಆವರಣವನ್ನು ಬಳಸುತ್ತಿದ್ದರು. ಒಂದೇ ಚಿಹ್ನೆ ಒಬ್ಬರಲ್ಲಿ ಬಿಟ್ಟದ್ದನ್ನೂ ಇನ್ನೊಬ್ಬರಲ್ಲಿ ಸೇರಿಸಿದ್ದನ್ನೂ ಸೂಚಿಸುತ್ತದೆ. ಗಂಗರ ತಾಮ್ರಪಟಗಳ ನೈಜತೆಯನ್ನು ಕುರಿತು ಈ ಇಬ್ಬರ ನಡುವೆ ನಡೆದ ದೀರ್ಘ ವಾದ ಪ್ರಸಿದ್ಧವಾಗಿದೆ. ಅದರಲ್ಲಿ ಫ್ಲೀಟರ ಸಂಶಯಗಳಿಗೆ ಮುಂದಿನ ವಿದ್ವಾಂಸರಿಂದ ಹೆಚ್ಚಿನ ಬೆಂಬಲ ದೊರೆಯಿತು. ಅನುವಾದಕ್ರಮದಲ್ಲಿಯೂ ಫ್ಲೀಟರ ಶಿಸ್ತು ಮಿಗಿಲು. ಆದರೆ ಆ ಶಿಸ್ತಿನಿಂದ ಒಂದು ಸಂಸ್ಥಾನದ ಅಷ್ಟೂ ಶಾಸನಗಳನ್ನು ಒಬ್ಬರ ಆಯುಷ್ಯದಲ್ಲಿ ಮುಗಿಸಲು ಸಾಧ್ಯವಾಗುತ್ತಿತ್ತೇ ಎಂಬುದು ಬೇರೆ ಮಾತು.

ಕಲ್ಲುಗಳ ಪಡಿಯಚ್ಚು ತೆಗೆದು ಪಾಠ ಸಿದ್ಧಪಡಿಸಿದ ಪಂಡಿತರ ಪಾತ್ರವನ್ನೂ ಇಲ್ಲಿ ನೆನೆಯಬೇಕು. ಅನ್ವಯ ಮಾಡಿ, ಪದ ಬಿಡಿಸಿ, ಕರ್ತೃ ಯಾರೆಂದು ತೋರಿಸಿಕೊಟ್ಟ ಮೇಲಷ್ಟೇ ಇಂಗ್ಲಿಷಿನ ಚಿಹ್ನೆ ತನ್ನ ಜಾಗದಲ್ಲಿ ಕೂರುತ್ತದೆ. ಅವರಲ್ಲಿ ಆರ್. ನರಸಿಂಹಾಚಾರ್ ಅಗ್ರಗಣ್ಯರು. 1906ರಲ್ಲಿ ರೈಸ್ ಅವರು ನಿವೃತ್ತರಾದಾಗ ಇಲಾಖೆಯ ಹೊಣೆ ಅವರಿಗೇ ಬಂದಿತು. ಮರುವರ್ಷ ಹೊರಬಂದ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಶಾಸನಗಳಿಂದ ಪಡೆದ ಕಾಲನಿರ್ಣಯದ ಪ್ರಯೋಜನವನ್ನು ಕನ್ನಡದಲ್ಲಿಯೇ ಓದುಗರಿಗೆ ಮುಟ್ಟಿಸಿತು.

ನಿವೃತ್ತಿಯ ಅನಂತರ ರೈಸ್ ಅವರು ಇಂಗ್ಲೆಂಡಿಗೆ ತೆರಳಿದರು. 1909ರಲ್ಲಿ ಶಾಸನಗಳ ಮೂಲಕ ಕಂಡ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಒಂದೇ ಗ್ರಂಥವಾಗಿ ಪ್ರಕಟಿಸಿದರು. ಬಿಡಿ ಶಾಸನಗಳ ಉದ್ದಗೆರೆಗಳೂ ಆವರಣಗಳೂ ಇಲ್ಲಿ ಮಾಯವಾಗಿ, ಸರಾಗವಾದ ಚರಿತ್ರೆಯ ಗದ್ಯ ನಿಲ್ಲುತ್ತದೆ. ಸಂಪುಟಗಳಲ್ಲಿ ಅರೆಯಾಗಿ ತೂಗುತ್ತಿದ್ದ ವಾಕ್ಯಗಳು ಇಲ್ಲಿ ಮುಗಿದ ವಾಕ್ಯಗಳಾಗಿವೆ. ಮುಗಿಸುವಾಗ ಕೆಲವು ಸಂಶಯಗಳೂ ಮುಗಿದುಹೋಗಿವೆ. ಕೊಡಗಿನ ಶಾಸನಗಳ ಪರಿಷ್ಕೃತ ಆವೃತ್ತಿ 1914ರಲ್ಲಿ ಬಂದಿತು. ಆಗ ಅವರಿಗೆ 77 ವರ್ಷ ಸಮೀಪಿಸಿತ್ತು. 1927ರ ಜುಲೈ 10ರಂದು ಹ್ಯಾರೋದಲ್ಲಿ, 90 ವರ್ಷ ತುಂಬಲು ಏಳು ದಿನ ಉಳಿದಿರುವಾಗ, ಅವರು ತೀರಿಕೊಂಡರು.

ಶಿಕಾರಿಪುರ ಮತ್ತು ಸೊರಬ ಶಾಸನಗಳಿಗೆ ಅವರು ಕೊಟ್ಟ ಸಂಖ್ಯೆಗಳನ್ನೇ ಸಂಶೋಧಕರು ಇಂದಿಗೂ ಬಳಸುತ್ತಾರೆ. ತಾಳಗುಂದದಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2013-14ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಒಂದು ಬರಹ ದೊರೆಯಿತು. ಅದು 370ರ ಸುಮಾರಿನದೆಂದೂ ಹಲ್ಮಿಡಿಗಿಂತ ಹಿಂದಿನ ಕನ್ನಡವೆಂದೂ ಇಲಾಖೆಯ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ರೈಸ್ ಅವರು ಕುಬ್ಜನ ಪದ್ಯಗಳನ್ನು ಓದಿದ ಕಂಬ ಅದೇ ದೇವಾಲಯದ ಮುಂದೆ ನಿಂತಿದೆ.